ದೊಡ್ಡಪ್ಪನ ಎಲ್-ಸೊನ್ನೆ-ಡಿ

ಅಟ್ಟದ ಮೇಲಿನ ಆ ಪೆಟ್ಟಿಗೆಗೆ ನಮ್ಮ ಮನೆಯಲ್ಲಿ ‘ಎಲ್-ಸೊನ್ನೆ-ಡಿ’ ಎಂದೇ ಹೆಸರು. ಮುಂಭಾಗದ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಇದ್ದದ್ದು ಅಷ್ಟೇ: ಇಂಗ್ಲಿಷಿನ ಎಲ್, ಪಕ್ಕದಲ್ಲೊಂದು ಸೊನ್ನೆ, ಅಡ್ಡಗೆರೆ, ಡಿ. ಕಂಪನಿಯ ಹೆಸರಿಲ್ಲ, ಊರಿನ ಹೆಸರಿಲ್ಲ. ದೊಡ್ಡಪ್ಪ ಗೋವೆಯಿಂದ ತಂದ ರೆಕಾರ್ಡ್ ಪ್ಲೇಯರು ಎಂಬುದೊಂದು ಬಿಟ್ಟರೆ ಅದರ ಕುಲಗೋತ್ರ ಯಾರಿಗೂ ಗೊತ್ತಿರಲಿಲ್ಲ.

ನಾನು ಮೋಟಾರ್ ವೈಂಡಿಂಗ್ ಮಾಡುವವನು. ಶಿರಸಿಯ ಯಲ್ಲಾಪುರ ನಾಕೆಯ ಹತ್ತಿರ ಅಂಗಡಿ. ತೋಟದ ಪಂಪು, ಹಿಟ್ಟಿನ ಗಿರಣಿ, ಅಡಿಕೆ ಸುಲಿಯುವ ಮಷಿನ್ನು ಅಂತ ಬೇಸಿಗೆಯಲ್ಲಿ ಊಟಕ್ಕೂ ಪುರಸೊತ್ತಿರುವುದಿಲ್ಲ. ಮಳೆ ಹಿಡಿದರೆ ಪಂಪುಗಳು ಬರುವುದು ನಿಲ್ಲುತ್ತದೆ. ಹೋದ ವರ್ಷ ಆಷಾಢದಲ್ಲಿ ಹಾಗೆ ಕೈ ಖಾಲಿ ಇದ್ದಾಗ ಮನೆಯ ಅಟ್ಟ ಸೋರಿತು. ಹಂಚು ಸರಿ ಮಾಡಲು ಸಾಮಾನು ಕೆಳಗಿಳಿಸುವಾಗ ಇದೂ ಇಳಿಯಿತು. ಅಡಿಕೆ ಬೇಯಿಸುವ ಒಲೆಯ ಹೊಗೆ ಎಷ್ಟೋ ವರ್ಷ ತಾಗಿ ಮುಚ್ಚಳದ ಪ್ಲಾಸ್ಟಿಕ್ಕು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಜೊತೆಗೆ ಮೂರು ಪ್ಲೇಟು. ಎರಡಕ್ಕೆ ಬೂಷ್ಟು ಹಿಡಿದಿತ್ತು. ಮೂರನೆಯದರ ನಡುವಿನ ಚೀಟಿಯನ್ನು ಹುಳ ತಿಂದು ಹೆಸರೆಲ್ಲ ಹೋಗಿತ್ತು, ಗೆರೆಗಳು ಮಾತ್ರ ಸ್ವಚ್ಛ.

‘ಅದು ನಾಟ್ಯಗೀತೆಯ ಪ್ಲೇಟು’ ಎಂದಳು ಆಯಿ, ಕನ್ನಡಕವನ್ನೂ ಹಾಕಿಕೊಳ್ಳದೆ.

ಆಯಿಗೆ, ಎಂದರೆ ನನ್ನ ಅಮ್ಮನಿಗೆ, ಈಗ 78. ಅಡಿಕೆ ಸುಲಿಯುವ ದಿನಗಳಲ್ಲಿ, ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತಾಗ, ಅವಳ ಬಾಯಲ್ಲಿ ಬರುವ ಒಂದು ಮರಾಠಿ ನಾಟಕದ ಪದ ಇದೆ. ಗಂಭೀರವಾಗಿ, ಒಂದೊಂದು ತಾನನ್ನೂ ಎಳೆದು ಎಳೆದು ಹಾಡುತ್ತಾಳೆ. ಮರಾಠಿ ಅವಳಿಗೆ ಬಾರದು. ಆ ಪದವನ್ನು ಅವಳು ಕಲಿತದ್ದು ಈ ಪ್ಲೇಟಿನಿಂದ, ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ. ಪೆಟ್ಟಿಗೆಯನ್ನು ಮತ್ತೆ ತಿರುಗಿಸಬೇಕು ಅಂತ ನನಗೆ ಹಟ ಹುಟ್ಟಿದ್ದು ಅದಕ್ಕೇ.

ದೊಡ್ಡಪ್ಪ ಎಪ್ಪತ್ತರ ದಶಕದಲ್ಲಿ ವಾಸ್ಕೋದಲ್ಲಿದ್ದರು. ಮರ್ಮಗೋವಾ ಬಂದರಿನಿಂದ ಜಪಾನಿಗೆ ಕಬ್ಬಿಣದ ಅದಿರು ಹೋಗುತ್ತಿದ್ದ ಕಾಲ. ಅದಿರಿನ ಬಾರ್ಜುಗಳ ಲೆಕ್ಕ ಬರೆಯುವ ಗುಮಾಸ್ತಿಕೆ ಅವರದ್ದು. ಕಾರವಾರದಲ್ಲಿ ಕಾಳಿ ನದಿಗೆ ಆಗ ಸೇತುವೆ ಇಲ್ಲ. ಸದಾಶಿವಗಡದಿಂದ ಕೋಡಿಬಾಗಕ್ಕೆ ಲಾಂಚಿನಲ್ಲಿ ದಾಟುವಾಗ ಈ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ ಅಂತ ನನ್ನ ಸಣ್ಣಂದಿನಲ್ಲಿ ಹೇಳುತ್ತಿದ್ದರು. ಆಮೇಲೆ ಕುಮಟೆಗೆ ಬಂದು ದೇವಿಮನೆ ಘಟ್ಟ ಹತ್ತಬೇಕು. ಯಾರಿಂದ ಕೊಂಡರು, ಎಷ್ಟು ಕೊಟ್ಟರು ಎಂದು ಕೇಳಲು ಈಗ ದೊಡ್ಡಪ್ಪ ಇಲ್ಲ.

ಮೊದಲು ನಾನು ದಾರಿ ತಪ್ಪಿದ್ದು ದೊಡ್ಡಪ್ಪನ ಟ್ರಾನ್ಸ್‌ಫಾರ್ಮರಿನಿಂದ. ಪೆಟ್ಟಿಗೆಯ ಜೊತೆ ಕಬ್ಬಿಣದ ಡಬ್ಬಿಯೊಳಗೆ ಒಂದು ಟ್ರಾನ್ಸ್‌ಫಾರ್ಮರ್ ಇತ್ತು. ಮೇಲೆ ಬಣ್ಣದಲ್ಲಿ ‘230-110’ ಎಂದು ಬರೆದಿತ್ತು. ಎರಡು ಚಪ್ಪಟೆ ಕಾಲಿನ ಪ್ಲಗ್ಗು, 110 ವೋಲ್ಟು: ಅಮೆರಿಕದ ಮಾಲು ಅಂತ ತೀರ್ಮಾನಿಸಿಬಿಟ್ಟೆ. ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಹಳಬರೊಬ್ಬರಿಗೆ ತೋರಿಸಿದೆ. ‘ಇದು ಗ್ಯಾರಾರ್ಡ್ ಇರಬೇಕು’ ಎಂದರು. ನಮ್ಮ ಕಡೆ ಕಂಡದ್ದು ಎಚ್.ಎಂ.ವಿ. ಫಿಯೆಸ್ಟಾ, ಅದು ಬಿಟ್ಟರೆ ಗ್ಯಾರಾರ್ಡ್. ಅವರು ಬೇರೆ ಏನು ಹೇಳಿಯಾರು? ಇಂಟರ್ನೆಟ್ಟಿನಲ್ಲಿ ಎಲ್-ಸೊನ್ನೆ-ಡಿ ಎಂದು ಮಾಡೆಲ್ ನಂಬರಿನ ಹಾಗೆ ಹುಡುಕಿದೆ. ಏನೇನೋ ಬಂತು, ರೆಕಾರ್ಡ್ ಪ್ಲೇಯರು ಮಾತ್ರ ಬರಲಿಲ್ಲ.

ನಮ್ಮ ಕಸುಬಿನಲ್ಲಿ ಮೋಟಾರಿನ ಮೈಮೇಲೆ ಏನು ಬರೆದಿದೆ ಎಂಬುದಕ್ಕಿಂತ ಒಳಗೆ ಏನಿದೆ ಎಂದು ನೋಡುವುದು ಹೆಚ್ಚು. ಬಣ್ಣ ಬಳಿದು ಹೆಸರು ಬದಲಿಸಿದ ಪಂಪು ಎಷ್ಟು ನೋಡಿಲ್ಲ! ಪೆಟ್ಟಿಗೆಯನ್ನು ಮೆತ್ತೆಯ ಮೇಲೆ ಮಗುಚಿ ಹಾಕಿ, ತಳದ ಹಲಗೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ಮಸಿಯ ಕೆಳಗೆ ಸಣ್ಣದೊಂದು ಲೋಹದ ಚೀಟಿ ಸಿಕ್ಕಿತು. ಅದರಲ್ಲಿ ತಲೆಕೆಳಗಾದ ತ್ರಿಕೋನ. ತ್ರಿಕೋನದೊಳಗೆ ಮೇಲೆ ಎರಡು ಅಡ್ಡಗೆರೆ, ಎರಡನೆಯ ಗೆರೆಯ ನಡುವಿನಿಂದ ಕೆಳಕ್ಕೊಂದು ಕಂಬ.

ಆ ಗುರುತು ಜಪಾನಿನ ಅಂಚೆಯದ್ದು. 1887ರಿಂದ ಅಲ್ಲಿ ಅಂಚೆಗೆ ಅದೇ ಚಿಹ್ನೆ. ಹಿಂದೆ ಅಂಚೆ ನೋಡಿಕೊಳ್ಳುತ್ತಿದ್ದ ಇಲಾಖೆಯೇ ವಿದ್ಯುತ್ತನ್ನೂ ನೋಡಿಕೊಳ್ಳುತ್ತಿತ್ತು. ಹಾಗಾಗಿ ಕರೆಂಟಿನ ಸಾಮಾನು ಪರೀಕ್ಷೆಯಲ್ಲಿ ಪಾಸಾಗಿದೆ ಎನ್ನುವುದಕ್ಕೂ ಅಂಚೆಯ ಗುರುತೇ ಬಂತು. ಅರವತ್ತರ ದಶಕದ ಕಾಯ್ದೆಯಿಂದ ಹಿಡಿದು 2001ರಲ್ಲಿ ಹೊಸ ಗುರುತು ಬರುವವರೆಗೆ ಜಪಾನಿನ ಮನೆಬಳಕೆಯ ಸಾಮಾನಿನ ಮೇಲೆ ಅದನ್ನು ಒತ್ತುತ್ತಿದ್ದರು. ಅಮೆರಿಕ ಅಲ್ಲಿಗೆ ಹೋಯಿತು. ಗುರುತಿನ ಪಕ್ಕದಲ್ಲೇ ‘100 ವೋಲ್ಟ್, 50/60’ ಎಂದೂ ಇತ್ತು. ಮನೆಗಳಿಗೆ 100 ವೋಲ್ಟ್ ಕೊಡುವ ದೇಶ ಜಪಾನು. ದೊಡ್ಡಪ್ಪ ತಮಗೆ ಸಿಕ್ಕಿದ 110ರ ಟ್ರಾನ್ಸ್‌ಫಾರ್ಮರಿನಲ್ಲೇ ಕೆಲಸ ನಡೆಸಿದ್ದರು.

ಚೀಟಿಯ ಉಳಿದ ಅಕ್ಷರಗಳಿಗೆ ತಂಗಿಯ ಮಗಳು ಫೋನಿನ ಕ್ಯಾಮೆರಾ ಹಿಡಿದಳು. ಮೊದಲ ಅಕ್ಷರ ಒಂದು ಉದ್ದನೆಯ ಕಿಟಕಿ, ನಡುವೆ ಒಂದು ಅಡ್ಡಪಟ್ಟಿ. ಅದು ಸೂರ್ಯ. ಎರಡನೆಯದು ನಿಲ್ಲುವುದು, ಏಳುವುದು. ಎರಡೂ ಸೇರಿದರೆ ಹಿಟಾಚಿ.

‘ಮಾವಾ, ಹಿಟಾಚಿ ಅಂದ್ರೆ ಜೆಸಿಬಿಯವರಲ್ದಾ?’ ಎಂದಳು. ನಮ್ಮ ಕಡೆ ಮಣ್ಣು ಅಗೆಯುವ ಮಷಿನ್ನಿಗೆಲ್ಲ ಹಿಟಾಚಿ ಎಂದೇ ಹೆಸರು. ಅದೇ ಕಂಪನಿ ಎಂದೆ.

ಆಮೇಲೆ ಎಲ್-ಸೊನ್ನೆ-ಡಿ ಬಿಡಿಸಿಕೊಳ್ಳಲು ಐದು ನಿಮಿಷ ಸಾಕಾಯಿತು. ಅದು ಸೊನ್ನೆಯಲ್ಲ, ಸಣ್ಣ ಓ. ‘ಲೊ-ಡಿ’, ಲೋ ಡಿಸ್ಟಾರ್ಷನ್ ಎಂಬುದರ ಮೊಟಕು, ಎಂದರೆ ಸ್ವರ ಕೆಡುವುದು ಕಡಿಮೆ ಎಂದು. ಹಿಟಾಚಿ ತನ್ನ ಹಾಡು ಕೇಳುವ ಸಾಮಾನನ್ನು ಜಪಾನಿನೊಳಗೆ ಮಾರುತ್ತಿದ್ದದ್ದು ಈ ಹೆಸರಿನಲ್ಲಿ. ಅಲ್ಲಿನ ದೊಡ್ಡ ಕಂಪನಿಗಳಿಗೆ ಅದೊಂದು ರೂಢಿ: ತೋಷಿಬಾದ್ದು ಆರೆಕ್ಸ್, ಮಿತ್ಸುಬಿಷಿಯದ್ದು ಡಯಾಟೋನ್, ಮತ್ಸುಷಿತಾದ್ದು ಟೆಕ್ನಿಕ್ಸ್. ಟೆಕ್ನಿಕ್ಸ್ ಲೋಕಕ್ಕೆಲ್ಲ ಗೊತ್ತಾಯಿತು. ಲೊ-ಡಿ ಮನೆಯೊಳಗಿನ ಹೆಸರಾಗಿಯೇ ಉಳಿಯಿತು. ನಮ್ಮ ಅಟ್ಟಕ್ಕೆ ಬಂದದ್ದು ಹೊರದೇಶಕ್ಕೆಂದು ಮಾಡಿದ್ದೇ ಅಲ್ಲ.

ಹಿಟಾಚಿಯ ಹುಟ್ಟಿನ ಕತೆ ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಕಂಪನಿ ಶುರುವಾದದ್ದು ಒಂದು ತಾಮ್ರದ ಗಣಿಯ ರಿಪೇರಿ ಶೆಡ್ಡಿನಲ್ಲಿ. ಅಲ್ಲಿದ್ದ ನಮಿಹೆಯಿ ಒದೈರಾ ಎಂಬ ಇಂಜಿನಿಯರು, ಹೊರದೇಶದಿಂದ ತಂದ ಮೋಟಾರುಗಳನ್ನು ರಿಪೇರಿ ಮಾಡುತ್ತ ಮಾಡುತ್ತ, ನಾವೇ ಯಾಕೆ ಮಾಡಬಾರದು ಎಂದು 1910ರಲ್ಲಿ ಮೊದಲ ಮೋಟಾರು ಕಟ್ಟಿದರು. ಐದು ಎಚ್‌ಪಿ ಇಂಡಕ್ಷನ್ ಮೋಟಾರು. ನನ್ನ ಅಂಗಡಿಯ ಬಾಗಿಲಿಗೆ ತೋಟದಿಂದ ಹೊತ್ತು ತರುವ ಪಂಪುಗಳಲ್ಲಿ ಬಹುಪಾಲು ಐದು ಎಚ್‌ಪಿಯವೇ. ಮೂವತ್ತು ವರ್ಷದಿಂದ ಅದೇ ತಾಮ್ರದ ತಂತಿ, ಅದೇ ವಾರ್ನಿಷ್ಷಿನ ವಾಸನೆ ನನ್ನ ಕೈಯಲ್ಲಿದೆ. ದೊಡ್ಡಪ್ಪನ ಪೆಟ್ಟಿಗೆ ನನ್ನ ಕಸುಬಿನವರ ಮನೆಯಿಂದಲೇ ಬಂದದ್ದು ಎಂದು ತಿಳಿದಾಗ ಆದ ಸಂತೋಷ ಬಲು ದೊಡ್ಡದು.

ಯಾವ ವರ್ಷದ್ದು ಎಂಬುದು ಆಮೇಲೆ ಸಿಕ್ಕಿತು. ತಳದ ಹಲಗೆ ಬಿಚ್ಚಿದಾಗ ಒಳಮೈಯಲ್ಲಿ ಬೆರಳಗಲದ ಕಾಗದ ಅಂಟಿಸಿತ್ತು, ಪರೀಕ್ಷೆ ಮಾಡಿದವರ ಕೆಂಪು ಮೊಹರಿನ ಜೊತೆ ‘48.6’ ಎಂದು. 1948 ಎನ್ನೋಣವೆಂದರೆ ಎಲ್ಪಿ ಪ್ಲೇಟು ಅಮೆರಿಕದಲ್ಲಿ ಹುಟ್ಟಿದ್ದೇ ಆ ವರ್ಷ. ಈ ಪೆಟ್ಟಿಗೆಯ ತೋಳಿನಿಂದ ಬರುವ ತಂತಿ ನಾಲ್ಕು, ಕೆಂಪು, ಬಿಳಿ, ಹಸಿರು, ನೀಲಿ. ಎಂದರೆ ಸ್ಟೀರಿಯೋ. ಸ್ಟೀರಿಯೋ ಪ್ಲೇಟು ಅಂಗಡಿಗೆ ಬಂದದ್ದು 1958ರ ಸುಮಾರಿಗೆ. ಹಾಗಾದರೆ 48 ಯಾವುದು? ಜಪಾನಿನವರು ವರ್ಷ ಎಣಿಸುವುದು ಚಕ್ರವರ್ತಿಯ ಲೆಕ್ಕದಲ್ಲಿ, ನಮ್ಮ ಪಂಚಾಂಗದಲ್ಲಿ ಶಕವರ್ಷ ಬರೆಯುವ ಹಾಗೆ. ಆಗ ನಡೆಯುತ್ತಿದ್ದದ್ದು ಶೋವಾ. ಶೋವಾ ವರ್ಷಕ್ಕೆ 1925 ಕೂಡಿಸಿದರೆ ನಮ್ಮ ಇಸವಿ. 48ಕ್ಕೆ ಕೂಡಿಸಿದರೆ 1973, ಜೂನ್ ತಿಂಗಳು. ಆಯಿಯ ಮದುವೆ ಆದದ್ದು 1975ರಲ್ಲಿ. ತಾನು ಬರುವಾಗ ಪೆಟ್ಟಿಗೆ ಹೊಸತರ ಹಾಗೆಯೇ ಇತ್ತು ಎಂಬ ಅವಳ ಮಾತಿಗೆ ಇಸವಿ ಕೂಡಿ ಬಂತು.

ಬೆಲ್ಟು ಎಂದೋ ಕಡಿದು ಡಾಂಬರಿನ ಹಾಗೆ ಕರಗಿ ತಟ್ಟೆಯ ಒಳಬಳೆಗೆ ಮೆತ್ತಿತ್ತು. ಉಗುರಿನಿಂದಲೇ ಕೆರೆದು ತೆಗೆದೆ. ಹೊಸ ಬೆಲ್ಟು, ಹೊಸ ಮುಳ್ಳು ಎರಡನ್ನೂ ತರಿಸಿದೆ. ಸರಿಯಾಗಿ 100 ವೋಲ್ಟಿನ ಟ್ರಾನ್ಸ್‌ಫಾರ್ಮರನ್ನು ನಾನೇ ಸುತ್ತಿದೆ. ಬೇರಿಂಗಿನ ಗುಳಿಗೆ ಎಣ್ಣೆಯ ಎರಡು ಹನಿ. ಸ್ವಿಚ್ಚು ಹಾಕಿದೆ, ತಟ್ಟೆ ತಿರುಗಿತು. ಸದ್ದೇ ಇಲ್ಲ. ಇಷ್ಟು ವರ್ಷ ಹೊಗೆಯಲ್ಲಿದ್ದ ಮೋಟಾರು ಅಷ್ಟು ತಣ್ಣಗೆ ತಿರುಗುವುದನ್ನು ನೋಡಿ ಸ್ವಲ್ಪ ಹೊತ್ತು ಪ್ಲೇಟು ಹಾಕುವುದನ್ನೇ ಮರೆತು ಕೂತೆ.

ನಾಟ್ಯಗೀತೆ ಹಾಕಿದೆ. ಒಳಗಿನಿಂದ ಆಯಿ ಬಂದಳು. ಕೈಯಲ್ಲಿ ಸೌಟು ಹಾಗೆಯೇ ಇತ್ತು. ಬಾಗಿಲ ದಾರಂದಕ್ಕೆ ಒರಗಿ ನಿಂತು, ಎರಡನೆಯ ಸಾಲಿಗೆ ತಾನೂ ಸೇರಿದಳು. ಪ್ಲೇಟಿನ ಸ್ವರಕ್ಕೂ ಅವಳ ಸ್ವರಕ್ಕೂ ಕೂದಲೆಳೆಯ ಅಂತರವಿಲ್ಲ. ಅವಳು ಉಸಿರು ತೆಗೆದುಕೊಳ್ಳುವ ಜಾಗವೂ ಪ್ಲೇಟಿನವರದ್ದೇ.

ಅಲ್ಲಿಗೆ ಕೆಲಸ ಮುಗಿಯಿತು ಎನ್ನಬಹುದಿತ್ತು. ಆದರೆ ಬೆಲ್ಟು ಹಾಕುವಾಗ ನನ್ನ ಕಣ್ಣಿಗೆ ಬಿದ್ದಿದ್ದ ಒಂದು ವಿಷಯ ಮನಸ್ಸಿನಿಂದ ಹೋಗಲಿಲ್ಲ. ಮೋಟಾರಿನ ಹಿತ್ತಾಳೆ ಪುಲ್ಲಿಯ ತಲೆಯ ಮೇಲೆ ಸೂಜಿಯಲ್ಲಿ ಕೆತ್ತಿದಷ್ಟು ಸಣ್ಣದಾಗಿ ‘60’ ಎಂದಿತ್ತು.

ಜಪಾನಿನ ಕರೆಂಟು ಒಂದೇ ಅಲ್ಲ, ಎರಡು. 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯಿಂದ 50 ಹರ್ಟ್ಸ್‌ನ, ಎಂದರೆ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುವ, ಜನರೇಟರ್ ತಂದರು, ಒಸಾಕಾದವರು ಅಮೆರಿಕದಿಂದ 60ರದ್ದು. ಅದು ಇಂದಿಗೂ ಒಂದಾಗಿಲ್ಲ. ಫುಜಿ ನದಿಯ ಆಸುಪಾಸಿನಿಂದ ಪೂರ್ವಕ್ಕೆ 50, ಪಶ್ಚಿಮಕ್ಕೆ 60. ಪಂಪಿನ ಭಾಷೆಯಲ್ಲಿ ಹೇಳುವುದಾದರೆ, ನಾಲ್ಕು ಪೋಲಿನ ಮೋಟಾರು 50ರಲ್ಲಿ ನಿಮಿಷಕ್ಕೆ 1500 ಸುತ್ತು, 60ರಲ್ಲಿ 1800. ನಮ್ಮ ಇಂಡಕ್ಷನ್ ಪಂಪು ಸ್ವಲ್ಪ ಜಾರಿ 1440ಕ್ಕೆ ನಿಲ್ಲುತ್ತದೆ. ಈ ಪೆಟ್ಟಿಗೆಯದ್ದು ಸಿಂಕ್ರೊನಸ್ ಮೋಟಾರು, ಜಾರುವುದಿಲ್ಲ, ಕರೆಂಟಿನ ಹೆಜ್ಜೆಗೆ ಹೆಜ್ಜೆ ಇಟ್ಟೇ ತಿರುಗುತ್ತದೆ. ಆದ್ದರಿಂದ ಒಂದೇ ಪೆಟ್ಟಿಗೆಗೆ ಎರಡು ಪುಲ್ಲಿ: 50ರ ಊರಿಗೆ ದಪ್ಪದ್ದು, 60ರ ಊರಿಗೆ ಸಪೂರದ್ದು. ಚೀಟಿಯಲ್ಲಿ ‘50/60’ ಎಂದಿದ್ದದ್ದು ಅದಕ್ಕೇ. ನಮ್ಮದಕ್ಕೆ ಇದ್ದದ್ದು ಸಪೂರದ್ದು. ಅದು ಒಸಾಕಾ ಕಡೆಯವರದ್ದಾಗಿರಬೇಕು, ಇಲ್ಲವೆ ಹಡಗಿನ ಕೋಣೆಯಲ್ಲೇ ಹಾಡಿಕೊಂಡು ಬಂದಿರಬೇಕು. ಹಡಗಿನ ಜನರೇಟರೂ ಸಾಮಾನ್ಯವಾಗಿ 60ರದ್ದೇ.

ನಮ್ಮ ದೇಶದ ಕರೆಂಟು 50. ಎಂದರೆ ನಿಮಿಷಕ್ಕೆ 33⅓ ಸುತ್ತು ಸುತ್ತಬೇಕಾದ ಪ್ಲೇಟು ನಮ್ಮ ಮನೆಯಲ್ಲಿ ಸುತ್ತಿದ್ದು 27.8. ಆರರಲ್ಲಿ ಒಂದು ಪಾಲು ಹೋಯಿತು. ಮೂರು ನಿಮಿಷದ ಪದ ಮೂರು ನಿಮಿಷ 36 ಸೆಕೆಂಡು. ನಿಧಾನ ಆಗುವುದಷ್ಟೇ ಅಲ್ಲ, ಸ್ವರವೂ ಇಳಿಯುತ್ತದೆ.

ಎಷ್ಟು ಇಳಿಯುತ್ತದೆ ಎಂದು ಭಾವನನ್ನು ಕೇಳಿದೆ. ಭಾವ ಭಜನೆಗೆ ಹಾರ್ಮೋನಿಯಂ ನುಡಿಸುತ್ತಾನೆ. ಪೆಟ್ಟಿಗೆಯ ಪಕ್ಕದಲ್ಲೇ ಕೂತು ಒಂದೊಂದೇ ಮನೆ ಒತ್ತಿ ನೋಡಿದ. ‘ಬಿಳಿ ಐದು. ಅದಕ್ಕಿಂತ ಒಂದು ಎಳೆ ಕೆಳಗೆ’ ಎಂದ. ಐದನೆಯ ಬಿಳಿ ಮನೆಯ ಶ್ರುತಿ ಎಂದರ್ಥ. ಲೆಕ್ಕದ ಪ್ರಕಾರ ಮೂರು ಮನೆ ಮತ್ತು ಸ್ವಲ್ಪ ಮೇಲಕ್ಕೆ ಹೋದರೆ ಕಪ್ಪು ಐದು. ಪ್ಲೇಟಿನವರು ಹಾಡಿದ್ದು ಕಪ್ಪು ಐದರಲ್ಲಿ. ಭಾವ ಹಾರ್ಮೋನಿಯಂ ಮುಚ್ಚಿ ನನ್ನ ಮುಖ ನೋಡಿದ. ‘ಅತ್ತೆ ಆ ಪದ ಶುರು ಮಾಡೂದು ಯಾವಾಗ್ಲೂ ಬಿಳಿ ಐದರಲ್ಲೇ. ಶ್ರುತಿ ಇಲ್ದೇ ಹೋದ್ರೂ.’

ಹೊಸ ಪುಲ್ಲಿಯನ್ನು ನಮ್ಮ ಲೇತಿನಲ್ಲೇ ಹಿತ್ತಾಳೆಯ ಸರಳಿನಿಂದ ಕಡೆದೆ. ಹಳೆಯದರ ಸುತ್ತು ಅಳೆದರೆ 33ರ ಮೆಟ್ಟಿಲಿಗೆ 4.5 ಮಿಲಿಮೀಟರ್ ವ್ಯಾಸ. 1.2ರಿಂದ ಗುಣಿಸಿ 5.4ಕ್ಕೆ ಕಡೆದೆ. ಸರಿಯಿದೆಯೇ ಎಂದು ನೋಡಲು ಕಾಗದದ ಚಕ್ರದ ಅಂಚಿಗೆ 180 ಗೆರೆ ಎಳೆದು ತಟ್ಟೆಯ ಮೇಲೆ ಇಟ್ಟೆ. ಅಂಗಡಿಯ ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ, ನಿಮಿಷಕ್ಕೆ 6000 ಸಲ ಮಿಣುಕುತ್ತದೆ. ತಟ್ಟೆ 33⅓ರಲ್ಲಿ ತಿರುಗಿದರೆ ಮಿಣುಕಿಗೊಂದು ಗೆರೆ ಮುಂದಕ್ಕೆ ಬಂದು ಗೆರೆಗಳೆಲ್ಲ ನಿಂತ ಹಾಗೆ ಕಾಣಬೇಕು. ಈಗಿನ ಎಲ್‌ಇಡಿ ಬಲ್ಬಿನಲ್ಲಿ ಇದು ಚೆನ್ನಾಗಿ ಕಾಣುವುದಿಲ್ಲ.

ಗೆರೆಗಳು ನಿಲ್ಲಲಿಲ್ಲ. ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೋದವು, ತಟ್ಟೆ ಇನ್ನೂ ನಿಧಾನ. ಎರಡು ದಿನ ತಲೆ ಕೆಡಿಸಿಕೊಂಡೆ. ಬೆಲ್ಟಿನ ದಪ್ಪ ಲೆಕ್ಕಕ್ಕೆ ಹಿಡಿದಿರಲಿಲ್ಲ! ಬೆಲ್ಟು ಅರ್ಧ ಮಿಲಿಮೀಟರ್ ದಪ್ಪ. ಎಳೆಯುವುದು ಅದರ ಮಧ್ಯದ ಪದರ. ಹಾಗಾಗಿ 4.5ರ ಪುಲ್ಲಿ ಕೆಲಸದಲ್ಲಿ 5ರ ಪುಲ್ಲಿ. ಅದನ್ನು 1.2ರಿಂದ ಗುಣಿಸಿದರೆ 6, ಬೆಲ್ಟು ಕಳೆದರೆ 5.5. ನಾನು ಮಾಡಿದ್ದು 5.4. ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿಗೆ ತಟ್ಟೆ 32.8ಕ್ಕೆ ಇಳಿದಿತ್ತು. ಪಂಪಿನ ಪುಲ್ಲಿಯಲ್ಲಿ ಇಷ್ಟನ್ನು ಯಾರೂ ಗಮನಿಸುವುದಿಲ್ಲ. ಎರಡನೆಯ ಪುಲ್ಲಿಯನ್ನು ನಿಧಾನಕ್ಕೆ, ಪ್ರತಿ ಸಲವೂ ಅಳೆದು ಕಡೆದೆ. ಈ ಸಲ ಗೆರೆಗಳು ನಿಂತವು. ಹೊರಗೆ ಮಳೆ ಹೊಡೆಯುತ್ತಿತ್ತು. ಶರಾವತಿಯ ಟರ್ಬೈನು, ಕೈಗಾದ ಟರ್ಬೈನು, ದೇಶದ ಒಂದೇ ಗ್ರಿಡ್ಡಿಗೆ ಕಟ್ಟಿದ ಅಷ್ಟೂ ಜನರೇಟರುಗಳು ಯಾವ ಹೆಜ್ಜೆಯಲ್ಲಿ ತಿರುಗುತ್ತಿದ್ದವೋ ಅದೇ ಹೆಜ್ಜೆಯಲ್ಲಿ ನನ್ನ ಮೇಜಿನ ಮೇಲೆ ದೊಡ್ಡಪ್ಪನ ತಟ್ಟೆ ತಿರುಗುತ್ತಿತ್ತು. ಆ ನಿಂತ ಗೆರೆಗಳನ್ನು ನಾನು ಬಹಳ ಹೊತ್ತು ನೋಡಿದೆ.

ಮನೆಗೆ ತಂದು ಅದೇ ಪ್ಲೇಟು ಹಾಕಿದೆ. ಹಾಡು ಚುರುಕಾಗಿತ್ತು, ತಬಲಾದ ಪೆಟ್ಟು ಒಡೆದು ಕೇಳುತ್ತಿತ್ತು. ಹಾಡುವವರು ಇಷ್ಟು ಎಳೆಯ ಹೆಣ್ಣುಮಗಳು ಎಂದು ನನಗೆ ಗೊತ್ತೇ ಇರಲಿಲ್ಲ. ತಾನುಗಳು ಮೇಲಕ್ಕೆ ಹಾರಿ ಹಾರಿ ಹೋಗುತ್ತಿದ್ದವು.

ಆಯಿ ಈ ಸಲ ಸೇರಿ ಹಾಡಲಿಲ್ಲ. ಮುಗಿಯುವವರೆಗೆ ಕುರ್ಚಿಯಲ್ಲಿ ಕೂತು ಕೇಳಿದಳು.

‘ಇದು ಅವ್ರಲ್ಲ ತಮಾ. ಅವ್ರ ಸ್ವರ ಇಷ್ಟು ಸಪೂರ ಇತ್ತಿಲ್ಲೆ.’

ಪುಲ್ಲಿ ತೋರಿಸಿ, ಜಪಾನಿನ ಎರಡು ಕರೆಂಟಿನ ಕತೆ ಹೇಳಿ ವಿವರಿಸಿದೆ. ಅವಳು ಬೇಗ ಹಿಡಿದಳು. ನಮ್ಮ ಮನೆಯಲ್ಲಿ ಕರೆಂಟಿನ ಮಾತು ಅವಳಿಗೇನು ಹೊಸತಲ್ಲ. ‘ಸಂಜೆ ಹೊತ್ತಿಗೆ ಪದ ಇನ್ನೂ ಎಳೀತಿತ್ತು, ನೆನಪಿದ್ದು’ ಎಂದಳು. ಅದೂ ಸರಿಯೇ. ಆ ಕಾಲದಲ್ಲಿ ಸಂಜೆ ಲೋಡು ಏರಿದಾಗ ಹರ್ಟ್ಸ್ 50ಕ್ಕಿಂತ ಎಷ್ಟೋ ಕೆಳಗೆ ಬೀಳುತ್ತಿತ್ತು.

ಮತ್ತೊಮ್ಮೆ ಹಾಕು ಎಂದಳು. ಇನ್ನೊಂದು ಸಲ ಪೂರ್ತಿ ಕೇಳಿದಳು, ಈಗ ಕೈಯಲ್ಲಿ ತಾಳ ಹಾಕುತ್ತ. ಆ ವೇಗಕ್ಕೆ ಅವಳ ಕೈ ಎರಡು ಕಡೆ ತಪ್ಪಿತು, ಮತ್ತೆ ಹಿಡಿದಳು. ಆಮೇಲೆ ಹೇಳಿದಳು: ‘ಅವ್ರು ಹಾಡಿದ್ದು ಹೀಂಗೇ ಹೌದಾದ್ರೆ ಹೀಂಗೇ ಕೇಳ್ತಿ. ಯಂಗೆ ಹಾಡಲೆ ಮಾತ್ರ ಅದೇ ಬೇಕು.’

ಹಾಗಾಗಿ ಪುಲ್ಲಿ ಎರಡೂ ಇವೆ. ಹಳೆಯದನ್ನು ಹುಳಿ ಹಾಕಿ ಉಜ್ಜಿ, ದಾರ ಪೋಣಿಸಿ ಪೆಟ್ಟಿಗೆಯ ಒಳಗೇ ಕಟ್ಟಿಟ್ಟಿದ್ದೆ. ಬದಲಿಸಲು ಒಂದು ಸಣ್ಣ ತಿರುಪು ಸಡಿಲಿಸಿದರೆ ಸಾಕು, ಎರಡು ನಿಮಿಷದ ಕೆಲಸ. ಈಗ ನಮ್ಮಲ್ಲಿ ಅಡಿಕೆ ಕೊಯ್ಲು ನಡೆದಿದೆ. ಮಷಿನ್ನಿದ್ದರೂ ಆಯಿ ದಿನಕ್ಕೊಂದು ಬುಟ್ಟಿ ಕೈಯಲ್ಲೇ ಸುಲಿಯಬೇಕು ಎನ್ನುತ್ತಾಳೆ. ಮೋಟಾರಿನ ಮೇಲೆ ಇರುವುದು ಈಗ 60ರ ಪುಲ್ಲಿ.